ಅಂಕಿತವಿಲ್ಲದ ಹಾಡು ಮತ್ತು ಅತಿಥಿಗಳ ಪಂಕ್ತಿ

(ಸಂಘದ ತಿಂಗಳ ಉಪನ್ಯಾಸದ ಲಿಖಿತ ರೂಪ)



ಸಂಗೀತವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ದಾಸಸಾಹಿತ್ಯವೋ, ಹಿಂದೂಸ್ತಾನಿ ಸಂಗೀತಕ್ಕೆ ಧಾರವಾಡ ಸೀಮೆಯ ಕೊಡುಗೆಯೋ ಆಗಿದ್ದಿರಬೇಕು. ನಾನು ಅಮೆರಿಕದ ಒಂದು ರಾಕ್ ತಂಡದ ಹೆಸರನ್ನು ಹೇಳಿದೆ. ಅವರು ಕೆಲಹೊತ್ತು ಸುಮ್ಮನಿದ್ದು, ‘ವಿಷಯ ಯಾವುದಾದರೂ ಸರಿ ಸಾರ್, ಮಾತು ಕನ್ನಡದಲ್ಲಿರಲಿ’ ಎಂದರು. ಈ ಔದಾರ್ಯಕ್ಕೆ ನಾನು ಕೃತಜ್ಞ. ಕನ್ನಡದಲ್ಲಿ ಕನ್ನಡದ ವಿಷಯವನ್ನಷ್ಟೇ ಮಾತನಾಡತಕ್ಕದ್ದೆಂಬ ಅಲಿಖಿತ ನಿಯಮವೊಂದು ಹೊರನಾಡಿನ ನಮ್ಮ ವೇದಿಕೆಗಳಲ್ಲಿ ಬೇರುಬಿಟ್ಟಿದೆ. ನಮ್ಮ ಮಕ್ಕಳು ಯಾವುದನ್ನು ಕುರಿತು ರಾತ್ರಿಯೆಲ್ಲ ವಾದಿಸುತ್ತಾರೋ ಅದಕ್ಕೆ ಕನ್ನಡದಲ್ಲಿ ಮಾತು ಹುಟ್ಟದೆ ಹೋದರೆ, ಅವರು ಆ ವಾದವನ್ನು ಬೇರೊಂದು ಭಾಷೆಗೆ ಒಯ್ಯುತ್ತಾರೆ, ಒಯ್ದಿದ್ದಾರೆ ಕೂಡ.

ಅಂಥದೊಂದು ವಾದವೇ ಇಂದಿನ ವಿಷಯ. 2015ರಲ್ಲಿ ‘ಹಾಲಿವುಡ್ ವ್ಯಾಂಪೈರ್ಸ್’ ಎಂಬ ತಂಡ ತನ್ನ ಮೊದಲ ಆಲ್ಬಮ್ ಬರಲಿದೆಯೆಂದು ಸಾರಿತು. ಆ ವರ್ಷದ ಸೆಪ್ಟೆಂಬರ್ 11ರಂದು ಅದು ಬಂದಿತು. ಬರುವುದಕ್ಕೆ ಮೊದಲೇ, ಹಾಡುಗಳ ಪಟ್ಟಿ ಮತ್ತು ಅತಿಥಿ ವಾದಕರ ಪಟ್ಟಿ ಹೊರಬಿದ್ದ ಗಳಿಗೆಯಿಂದಲೇ, ರಾಕ್ ರಸಿಕರು ಎರಡು ಪಂಗಡವಾದರು. ನನ್ನ ಅಕ್ಕನ ಮಗ ಹಾಗೂ ಅವನ ಇಬ್ಬರು ಗೆಳೆಯರ ಕೃಪೆಯಿಂದ ಆ ಜಗಳ ನಮ್ಮ ಮನೆಯ ಊಟದ ಮೇಜಿಗೂ ಬಂದಿತು. ಇನ್ನೂ ಯಾರೂ ಕೇಳಿರದ ಹಾಡುಗಳ ಬಗ್ಗೆ ಇಷ್ಟೊಂದು ನಿಶ್ಚಿತವಾದ ಅಭಿಪ್ರಾಯಗಳಿರಲು ಹೇಗೆ ಸಾಧ್ಯವೆಂದು ಮೊದಲಿಗೆ ನಾನು ಬೆರಗಾದೆ. ಆಮೇಲೆ ಹೊಳೆಯಿತು: ಅವರು ಹಾಡುಗಳನ್ನು ಚರ್ಚಿಸುತ್ತಿರಲಿಲ್ಲ, ಹಕ್ಕನ್ನು ಚರ್ಚಿಸುತ್ತಿದ್ದರು. ಇನ್ನೊಬ್ಬರ ಹಾಡನ್ನು ಹಾಡುವ ಹಕ್ಕು ಯಾರದು? ಹಾಡುವಾಗ ಪಕ್ಕದಲ್ಲಿ ಕೂರುವ ಅರ್ಹತೆ ಯಾರದು?

ತಂಡದ ಪರಿಚಯ ಸಂಕ್ಷೇಪವಾಗಿ ಹೇಳುತ್ತೇನೆ. ಬೇರೆ ಬೇರೆ ತಂಡಗಳಲ್ಲಿ ಹೆಸರು ಮಾಡಿದವರು ಸೇರಿ ಕಟ್ಟುವ ಕೂಟಕ್ಕೆ ರಾಕ್ ಜಗತ್ತು ‘ಸೂಪರ್‌ಗ್ರೂಪ್’ ಎನ್ನುತ್ತದೆ. 1966ರ ‘ಕ್ರೀಮ್’, 1969ರಲ್ಲಿ ಒಂದೇ ಆಲ್ಬಮ್ ಮಾಡಿ ಚದುರಿಹೋದ ‘ಬ್ಲೈಂಡ್ ಫೇತ್’, 1988ರ ‘ಟ್ರಾವೆಲಿಂಗ್ ವಿಲ್ಬರೀಸ್’ ಈ ಜಾತಿಯವು. ಹಾಲಿವುಡ್ ವ್ಯಾಂಪೈರ್ಸ್ ತಂಡದಲ್ಲಿ ಮೂವರು: ಗಾಯಕ ಆಲಿಸ್ ಕೂಪರ್ (ಹೆಸರು ಹೆಣ್ಣಿನದಾದರೂ ಆಸಾಮಿ ಗಂಡಸು), ಏರೋಸ್ಮಿತ್ ತಂಡದ ಗಿಟಾರ್ ವಾದಕ ಜೋ ಪೆರ್ರಿ, ಮೂರನೆಯವರು ಚಿತ್ರನಟ ಜಾನಿ ಡೆಪ್. ನಟನಿಗೇನು ಕೆಲಸ ಇಲ್ಲಿ ಎಂದು ಬಹಳ ಜನ ಮೂಗು ಮುರಿದರು. ಈ ಆಕ್ಷೇಪದಲ್ಲಿ ನನಗೆ ಹುರುಳು ಕಾಣಲಿಲ್ಲ. ಡೆಪ್ ಲಾಸ್ ಏಂಜಲೀಸಿಗೆ ಬಂದದ್ದೇ ಫ್ಲಾರಿಡಾದ ತಂಡವೊಂದರ ಗಿಟಾರ್ ವಾದಕನಾಗಿ. ನಟನೆ ಆಮೇಲಿನ ಕಸುಬು.

ತಂಡದ ಹೆಸರಿಗೊಂದು ಹಿನ್ನೆಲೆಯಿದೆ. 1972ರಲ್ಲಿ ಲಾಸ್ ಏಂಜಲೀಸಿನ ಸನ್‌ಸೆಟ್ ರಸ್ತೆಯಲ್ಲಿ ‘ರೇನ್‌ಬೋ ಬಾರ್ ಅಂಡ್ ಗ್ರಿಲ್’ ಎಂಬ ಪಾನಗೃಹ ತೆರೆಯಿತು. ಅದರ ಅಟ್ಟದ ಮೇಲೆ ಸೇರುತ್ತಿದ್ದ ಸಂಗೀತಗಾರರ ಕುಡುಕ ಮಂಡಳಿಗೆ ಹಾಲಿವುಡ್ ವ್ಯಾಂಪೈರ್ಸ್ ಎಂದು ಹೆಸರು. ಕೂಪರ್, ‘ದಿ ಹೂ’ ತಂಡದ ಡ್ರಮ್ ವಾದಕ ಕೀತ್ ಮೂನ್, ಬೀಟಲ್ಸ್‌ನ ರಿಂಗೋ ಸ್ಟಾರ್, ಗಾಯಕ ಹ್ಯಾರಿ ನಿಲ್ಸನ್, ಮಂಕೀಸ್ ತಂಡದ ಮಿಕಿ ಡೋಲೆಂಜ್ ಅದರ ಸದಸ್ಯರು. ಉಳಿದ ಸದಸ್ಯರಿಗಿಂತ ಹೆಚ್ಚು ಕುಡಿಯಬಲ್ಲವನಿಗೆ ಪ್ರವೇಶ ಎಂಬುದು ನಿಯಮವಾಗಿತ್ತೆಂದು ಕೂಪರರೇ ಹೇಳಿಕೊಂಡಿದ್ದಾರೆ. ಮೂನ್ 1978ರಲ್ಲಿ 32ನೆಯ ವಯಸ್ಸಿಗೆ ಲಂಡನ್ನಿನಲ್ಲಿ ತೀರಿಕೊಂಡರು. ಅದು ಗೆಳೆಯ ನಿಲ್ಸನ್ನರ ಮನೆ. ನಿಲ್ಸನ್ 1994ರಲ್ಲಿ ಹೋದರು. ಕೂಪರ್ 1980ರ ದಶಕದಲ್ಲಿ ಕುಡಿತ ಬಿಟ್ಟು ಬದುಕಿಕೊಂಡರು. ಬದುಕುಳಿದವನು ಸತ್ತ ಗೆಳೆಯರ ಹಾಡುಗಳನ್ನು ಹಾಡುವುದು, ಇದು ಆಲ್ಬಮ್ಮಿನ ಸಂಕಲ್ಪ. ಬಹುಪಾಲು ಹಾಡುಗಳು ಬೇರೆಯವರವು. ಇಂಥವಕ್ಕೆ ಇಂಗ್ಲಿಷಿನಲ್ಲಿ ‘ಕವರ್’ ಎನ್ನುತ್ತಾರೆ, ನಾನೂ ಆ ಮಾತನ್ನೇ ಬಳಸುತ್ತೇನೆ. ಕೂಪರರ ದೀರ್ಘಕಾಲದ ಸಂಗಾತಿ ಬಾಬ್ ಎಜ್ರಿನ್ ನಿರ್ಮಾಪಕರು.

ಇನ್ನು ಅತಿಥಿಗಳು. ಪಾಲ್ ಮೆಕಾರ್ಟ್ನಿ, ಡೋರ್ಸ್ ತಂಡದ ರಾಬಿ ಕ್ರೀಗರ್, ಎಸಿ-ಡಿಸಿಯ ಬ್ರಿಯಾನ್ ಜಾನ್ಸನ್, ಈಗಲ್ಸ್‌ನ ಜೋ ವಾಲ್ಶ್, ಸ್ಲ್ಯಾಶ್, ಡೇವ್ ಗ್ರೋಲ್, ಪೆರ್ರಿ ಫಾರೆಲ್, ರಿಂಗೋ ಸ್ಟಾರರ ಮಗ ಝ್ಯಾಕ್ ಸ್ಟಾರ್ಕಿ. ಇವರಲ್ಲದೆ, ಪೀಠಿಕೆಯ ಮಾತುಗಳನ್ನು ಓದಲು ಸಿನಿಮಾದ ಡ್ರಾಕುಲಾ ಕ್ರಿಸ್ಟೋಫರ್ ಲೀ. ಲೀ 2015ರ ಜೂನ್ 7ರಂದು 93ನೆಯ ವಯಸ್ಸಿನಲ್ಲಿ ನಿಧನರಾದರು. ಹಾಗಾಗಿ ಆಲ್ಬಮ್ ಕೈಗೆ ಬಂದಾಗ ಅದರಲ್ಲಿ ಮೊದಲು ಕೇಳಿಸಿದ್ದೇ ಮೂರು ತಿಂಗಳ ಹಿಂದೆ ಅಗಲಿದವರ ದನಿ.

ಪಟ್ಟಿಯನ್ನು ನೋಡಿದ ನನ್ನ ಸೋದರಳಿಯ ಒಂದು ಮಾತು ಹೇಳಿದ: ‘ಇದು ಲಗ್ನಪತ್ರಿಕೆಯಲ್ಲಿ ಮಂತ್ರಿಗಳ ಹೆಸರು ಅಚ್ಚು ಹಾಕಿಸಿದ ಹಾಗಿದೆ ಮಾಮ. ಮದುವೆ ಯಾರದು ಅಂತಲೇ ಗೊತ್ತಾಗೋದಿಲ್ಲ.’ ಅವನ ಪಂಗಡದ ವಾದ ಸ್ಥೂಲವಾಗಿ ಇದೇ. ಹೆಸರುಗಳ ರಾಶಿ ಹಾಕಿ ಹಳೆಯ ಸರಕನ್ನು ಮಾರುತ್ತಿದ್ದಾರೆ. ಹೊಸದಾಗಿ ಹೇಳಲು ಏನೂ ಉಳಿಯದವರು ಕವರ್ ಹಾಡುತ್ತಾರೆ. ಅವನು ಇನ್ನೊಂದು ಸೂಕ್ಷ್ಮವನ್ನೂ ಎತ್ತಿದ. ಆಲ್ಬಮ್ಮಿನಲ್ಲಿ ಜಿಮಿ ಹೆಂಡ್ರಿಕ್ಸರ ಹಾಡಿದೆ, ಜಿಮ್ ಮಾರಿಸನ್ ಹಾಡಿದ ಡೋರ್ಸ್ ಹಾಡುಗಳಿವೆ. ಹೆಂಡ್ರಿಕ್ಸ್ ತೀರಿಕೊಂಡದ್ದು 1970ರಲ್ಲಿ, ಮಾರಿಸನ್ 1971ರಲ್ಲಿ. ರೇನ್‌ಬೋ ಬಾರ್ ತೆರೆದದ್ದು 1972ರಲ್ಲಿ. ಹಾಗಾದರೆ ಇವರು ಆ ಅಟ್ಟದ ಗೆಳೆಯರು ಹೇಗಾದರು?

ಗೆಳೆಯರಿಬ್ಬರೂ ವಿರುದ್ಧ ಪಕ್ಷ. ರಾಕ್ ಸಂಗೀತ ಹುಟ್ಟಿದ್ದೇ ಕವರುಗಳಿಂದ, ಬೀಟಲ್ಸ್ ಮತ್ತು ರೋಲಿಂಗ್ ಸ್ಟೋನ್ಸರ ಮೊದಲ ಆಲ್ಬಮ್ಮುಗಳು ಅನ್ಯರ ಹಾಡುಗಳಿಂದ ತುಂಬಿವೆ, ಡೇವಿಡ್ ಬೋವಿ 1973ರಲ್ಲಿ, ಜಾನ್ ಲೆನನ್ 1975ರಲ್ಲಿ ಕವರುಗಳದೇ ಆಲ್ಬಮ್ ಮಾಡಿದರು, ಅವರಲ್ಲಿ ಹೇಳಲು ಏನೂ ಉಳಿದಿರಲಿಲ್ಲವೇ ಎಂದು ಅವರ ಸವಾಲು. ಅದರಲ್ಲೊಬ್ಬಾಕೆ ಹೇಳಿದ ಮಾತು ನನಗೆ ಬಹಳ ಹಿಡಿಸಿತು: ‘ಅತಿಥಿ ದೊಡ್ಡವನೋ ಚಿಕ್ಕವನೋ ಅಂತ ಕೇಳಬೇಡಿ. ಆ ಹಾಡಿಗೆ ಅವನೇನಾಗಬೇಕು ಅಂತ ಕೇಳಿ.’

ಈ ಅಳತೆಗೋಲು ನನಗೆ ಸರಿಯೆನಿಸುತ್ತದೆ. ಹಿಡಿದು ನೋಡೋಣ.

ಮೆಕಾರ್ಟ್ನಿ ಹಾಡಿರುವುದು ‘ಕಮ್ ಅಂಡ್ ಗೆಟ್ ಇಟ್’ ಎಂಬ ಹಾಡನ್ನು. ಇದನ್ನು ಜನ ಬಲ್ಲದ್ದು ಬ್ಯಾಡ್‌ಫಿಂಗರ್ ಎಂಬ ತಂಡದ ಹಾಡೆಂದು. ಆದರೆ ಬರೆದವರು ಮೆಕಾರ್ಟ್ನಿಯೇ. 1969ರ ಜುಲೈ 24ರಂದು ಲಂಡನ್ನಿನ ಆಬಿ ರಸ್ತೆಯ ಸ್ಟುಡಿಯೋದಲ್ಲಿ ಅವರು ಒಬ್ಬರೇ ಎಲ್ಲ ವಾದ್ಯಗಳನ್ನೂ ನುಡಿಸಿ ಒಂದು ಮಾದರಿ ಮುದ್ರಿಸಿದರು. ಅದನ್ನು ಆ ಹುಡುಗರಿಗೆ ಕೊಟ್ಟು, ಯಥಾವತ್ತಾಗಿ ಹೀಗೆಯೇ ಹಾಡಿ ಎಂದು ತಾವೇ ನಿಂತು ಮುದ್ರಿಸಿಕೊಂಡರು. ಹಾಡು ಬ್ರಿಟನ್, ಅಮೆರಿಕಗಳೆರಡರಲ್ಲೂ ಮೊದಲ ಹತ್ತರೊಳಗೆ ಬಂದಿತು. ಮೂಲ ಮಾದರಿ ಬೆಳಕು ಕಂಡದ್ದು 1996ರಲ್ಲಿ. ಈಗ ಹೇಳಿ, 2015ರಲ್ಲಿ ಮೆಕಾರ್ಟ್ನಿ ಪಿಯಾನೋ ಮುಂದೆ ಕೂತು ಇದನ್ನು ಹಾಡಿದರೆ ಅದು ಕವರೋ, ಮಗಳು ತವರಿಗೆ ಬಂದಂತೆಯೋ? ಆಲ್ಬಮ್ಮಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಹಾಡು ಇದು. ಎಲ್ಲರೂ ಕೂಡಿ ನಗುತ್ತ ನುಡಿಸಿದ ಕಳೆ ಅದರಲ್ಲಿದೆ.

ಡೋರ್ಸ್ ಹಾಡುಗಳಲ್ಲಿ ಗಿಟಾರ್ ಹಿಡಿದವರು ಕ್ರೀಗರ್, ಅಂದರೆ ಮಾರಿಸನ್ನರ ಪಕ್ಕದಲ್ಲಿ ನಿಂತು ಅವೇ ಹಾಡುಗಳನ್ನು ನುಡಿಸಿದ ವ್ಯಕ್ತಿ. ರೇನ್‌ಬೋ ಅಟ್ಟಕ್ಕೂ ಮಾರಿಸನ್ನರಿಗೂ ಸಂಬಂಧವಿಲ್ಲವೆಂಬ ನನ್ನ ಸೋದರಳಿಯನ ಮಾತು ಇತಿಹಾಸದ ದೃಷ್ಟಿಯಿಂದ ನಿಜವಾದರೂ, ಕೂಪರ್ 1960ರ ದಶಕದ ಕೊನೆಯ ಲಾಸ್ ಏಂಜಲೀಸಿನಲ್ಲಿ ಅವರನ್ನು ಬಲ್ಲವರಾಗಿದ್ದರು. ಹಾಡು, ಸಾಕ್ಷಿ ಎರಡೂ ಅಲ್ಲಿವೆ. ಡೇವ್ ಗ್ರೋಲ್ ವಿಷಯದಲ್ಲಿ ಮಾತ್ರ ನನ್ನಲ್ಲಿ ಉತ್ತರವಿಲ್ಲ. ನಿಲ್ಸನ್ನರ ಹಾಡಿಗೆ ಅವರು ಅಭಿಮಾನಿ ಆಗಿರಬಹುದು; ನೆಂಟರಂತೂ ಅಲ್ಲ. ಲಗ್ನಪತ್ರಿಕೆಯ ಟೀಕೆ ಅಲ್ಲಿ ನಿಲ್ಲುತ್ತದೆ.

ನಿಲ್ಸನ್ನರ ಹೆಸರು ಬಂದುದರಿಂದ ಇಲ್ಲಿ ತುಸು ನಿಲ್ಲಬೇಕು. ಈ ವಿಷಯವನ್ನು ನಾನು ಆರಿಸಿಕೊಳ್ಳಲು ಅವರೇ ಕಾರಣ.

ನಮ್ಮ ದಾಸರ ಪದಗಳಲ್ಲಿ ಅಂಕಿತವೆಂಬುದಿದೆ. ಗದುಗಿನ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು, ನಮ್ಮಂತೆಯೇ ಹೊರನಾಡ ಕನ್ನಡಿಗರು, ದಾಸವಾಣಿಯನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದರು. ಪುರಂದರದಾಸರು ಆ ಮಟ್ಟುಗಳಲ್ಲಿ ಹಾಡಿರಲಾರರು. ಕೇಳುವ ಮರಾಠಿ ಶ್ರೋತೃವಿಗೆ ಅರ್ಥ ಪೂರ್ತಿ ತಿಳಿದಿರಲಾರದು. ಆದರೂ ಹಾಡು ಮುಗಿಯುವ ಹೊತ್ತಿಗೆ ಪುರಂದರವಿಠಲ ಎಂಬ ಮುದ್ರೆ ಬಂದೇ ಬರುತ್ತದೆ. ಹಾಡುವವನು ಎಷ್ಟೇ ದೊಡ್ಡವನಿರಲಿ, ಕರ್ತೃವಿನ ಗುರುತನ್ನು ಉಚ್ಚರಿಸದೆ ಹಾಡು ಮುಗಿಯುವಂತಿಲ್ಲ. ವಚನಕಾರರ ಅಂಕಿತವೂ ಹಾಗೆಯೇ. ಅಂಕಿತ ಜೋಡಿಸಿ ಸುಳ್ಳು ವಚನ ಹೆಣೆದವರೂ ಇದ್ದರೆನ್ನುವುದನ್ನು ಪ್ರಕ್ಷಿಪ್ತಗಳ ಚರ್ಚೆ ಬಲ್ಲವರು ನೆನಪಿಸಬಹುದು, ಒಪ್ಪುತ್ತೇನೆ. ಆದರೆ ಸುಳ್ಳು ಅಂಕಿತವೂ ಮೂಲ ಕರ್ತೃವಿನ ಘನತೆಗೆ ಸಲ್ಲಿಸಿದ ಕಪ್ಪವೇ ತಾನೆ!

ರಾಕ್ ಹಾಡಿಗೆ ಈ ರಕ್ಷೆಯಿಲ್ಲ. ಅದು ಬಾಯಿಂದ ಬಾಯಿಗೆ ಹೋದಂತೆ ಬರೆದವನ ಹೆಸರು ಉದುರುತ್ತದೆ. ನಿಲ್ಸನ್ ಸ್ವತಃ ಹಾಡು ಕಟ್ಟುವವರು. ಅವರು ಬರೆದ ‘ಒನ್’ ಜನಪ್ರಿಯವಾದದ್ದು 1969ರಲ್ಲಿ ‘ತ್ರೀ ಡಾಗ್ ನೈಟ್’ ಎಂಬ ತಂಡದ ದನಿಯಲ್ಲಿ. ಗಾಯಕರಾಗಿ ನಿಲ್ಸನ್ನರಿಗೆ ಕೀರ್ತಿ ತಂದ ಎರಡು ದೊಡ್ಡ ಹಾಡುಗಳೋ, ಬೇರೆಯವರು ಬರೆದವು. ಅವುಗಳಲ್ಲೊಂದು ‘ವಿದೌಟ್ ಯು’. ಅದನ್ನು ಬರೆದವರು ಪೀಟ್ ಹ್ಯಾಮ್ ಮತ್ತು ಟಾಮ್ ಎವನ್ಸ್, ಈಗತಾನೆ ಹೇಳಿದ ಅದೇ ಬ್ಯಾಡ್‌ಫಿಂಗರ್ ತಂಡದವರು. ಅವರ 1970ರ ಆಲ್ಬಮ್ಮಿನಲ್ಲಿ ಯಾರ ಗಮನಕ್ಕೂ ಬೀಳದೆ ಇದ್ದ ಹಾಡನ್ನು ನಿಲ್ಸನ್ ಎತ್ತಿಕೊಂಡು ಹಾಡಿದಾಗ, 1972ರಲ್ಲಿ ಅದು ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಮೊದಲ ಸ್ಥಾನಕ್ಕೇರಿತು. 1994ರಲ್ಲಿ ಮರಾಯ ಕ್ಯಾರಿ ಮತ್ತೆ ಹಾಡಿದರು. ಇವತ್ತು ಕೇಳಿದರೆ ಕೆಲವರು ಅದು ಕ್ಯಾರಿಯ ಹಾಡೆನ್ನುತ್ತಾರೆ, ವಯಸ್ಸಾದವರು ನಿಲ್ಸನ್ನರದೆನ್ನುತ್ತಾರೆ. ಬರೆದವರಿಬ್ಬರೂ ಹಣಕಾಸಿನ ಜಂಜಡದಲ್ಲಿ ನಲುಗಿದರು. ಹ್ಯಾಮ್ 1975ರಲ್ಲಿ, 27ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಎವನ್ಸ್ 1983ರಲ್ಲಿ ಅದೇ ದಾರಿ ಹಿಡಿದರು.

ಸತ್ತ ಗೆಳೆಯರಿಗೆಂದು ಮಾಡಿದ ಆಲ್ಬಮ್ಮಿನಲ್ಲಿ ನಿಲ್ಸನ್ನರ ಹಾಡುಗಳಿವೆ, ಬ್ಯಾಡ್‌ಫಿಂಗರಿನ ಹೆಸರಿನ ಹಾಡಿದೆ. ಆದರೆ ಹ್ಯಾಮ್, ಎವನ್ಸರು ಸ್ವತಃ ಬರೆದ ಒಂದು ಸಾಲೂ ಇಲ್ಲ. ಅತಿಥಿಗಳ ಪಂಕ್ತಿಯಲ್ಲಿ ಯಾರು ಕೂತಿದ್ದಾರೆಂದು ಅಭಿಮಾನಿಗಳು ಜಗಳವಾಡಿದರು. ಯಾರಿಗೆ ಎಲೆ ಹಾಕಿಲ್ಲವೆಂಬುದರತ್ತ ಅಷ್ಟಾಗಿ ನೋಡಲಿಲ್ಲ.

ಎಲೆ ಹಾಕದವರಲ್ಲಿ ಇನ್ನೊಬ್ಬರಿದ್ದಾರೆ. ಆಲ್ಬಮ್ಮಿನಲ್ಲಿ ಲೆಡ್ ಜೆಪ್ಲಿನ್ ತಂಡದ ‘ಹೋಲ್ ಲಾಟಾ ಲವ್’ ಇದೆ, ಜಾನ್ಸನ್ ಮತ್ತು ವಾಲ್ಶ್ ಅದರ ಅತಿಥಿಗಳು. 1969ರಲ್ಲಿ ಈ ಹಾಡು ಬಂದಾಗ ಕರ್ತೃಗಳೆಂದು ಅಚ್ಚಾದದ್ದು ತಂಡದ ನಾಲ್ವರ ಹೆಸರು. ಆದರೆ ಅದರ ಸಾಹಿತ್ಯದ ಗಣನೀಯ ಭಾಗ 1962ರಲ್ಲಿ ಮಡ್ಡಿ ವಾಟರ್ಸ್ ಹಾಡಿದ ‘ಯು ನೀಡ್ ಲವ್’ ಎಂಬ ಬ್ಲೂಸ್ ಹಾಡಿನದು. ಬರೆದವರು ಷಿಕಾಗೋದ ವಿಲ್ಲಿ ಡಿಕ್ಸನ್, ಮಿಸಿಸಿಪ್ಪಿಯಲ್ಲಿ 1915ರಲ್ಲಿ ಹುಟ್ಟಿದ ಕಪ್ಪು ಸಂಗೀತಗಾರ. ನಡುವೆ 1966ರಲ್ಲಿ ಲಂಡನ್ನಿನ ಸ್ಮಾಲ್ ಫೇಸಸ್ ತಂಡ ಅದನ್ನೇ ‘ಯು ನೀಡ್ ಲವಿಂಗ್’ ಎಂದು ಹಾಡಿ, ಕರ್ತೃಗಳೆಂದು ತನ್ನ ಇಬ್ಬರು ಸದಸ್ಯರ ಹೆಸರು ಹಾಕಿಕೊಂಡಿತ್ತು. ಡಿಕ್ಸನ್ 1985ರಲ್ಲಿ ಲೆಡ್ ಜೆಪ್ಲಿನ್ ಮೇಲೆ ದಾವೆ ಹೂಡಿದರು. 1987ರಲ್ಲಿ ರಾಜಿಯಾಗಿ, ಕರ್ತೃಗಳ ಸಾಲಿಗೆ ಅವರ ಹೆಸರು ಸೇರಿತು. ಹಾಡು ಹುಟ್ಟಿ 18 ವರ್ಷಗಳ ಮೇಲೆ. ಡಿಕ್ಸನ್ 1992ರಲ್ಲಿ ತೀರಿಕೊಂಡರು.

ಹಾಲಿವುಡ್ ವ್ಯಾಂಪೈರ್ಸ್ ಆಲ್ಬಮ್ಮಿನಲ್ಲಿ ಲೆಡ್ ಜೆಪ್ಲಿನ್ ಹಾಡೂ ಇದೆ, ಸ್ಮಾಲ್ ಫೇಸಸ್ ತಂಡದ ‘ಇಚಿಕೂ ಪಾರ್ಕ್’ ಕೂಡ ಇದೆ. ಎರಡೂ ತಂಡಗಳ ಸತ್ತವರಿಗೆ ಗೌರವ ಸಂದಿದೆ. ಆ ಎರಡೂ ತಂಡಗಳು ಯಾರ ಹಿತ್ತಿಲಿನಿಂದ ಹೂ ಕೊಯ್ದವೋ ಆತನ ಸ್ಮರಣೆಗೆ ಅಟ್ಟದಲ್ಲಿ ಜಾಗವಿಲ್ಲ. ಸನ್‌ಸೆಟ್ ರಸ್ತೆಯ ಕುಡುಕ ಮಂಡಳಿಗೆ ಡಿಕ್ಸನ್ ಸೇರಿರಲಿಲ್ಲವಲ್ಲ ಎನ್ನಬಹುದು. ಹೆಂಡ್ರಿಕ್ಸರೂ ಸೇರಿರಲಿಲ್ಲ, ಆದರೂ ಅವರನ್ನು ಕರೆಯಲಾಯಿತು. ಪಂಕ್ತಿಭೇದವೆಂಬ ಮಾತನ್ನು ನಾನು ಯೋಚಿಸಿಯೇ ಬಳಸುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆಂದು ಪ್ರೇಕ್ಷಕರಲ್ಲಿರುವ ವಕೀಲ ಮಿತ್ರರು ಕೇಳಿಯಾರು. 1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ತಾನೇ ನುಡಿಯುವ ಪಿಯಾನೋದ ಕಾಗದದ ಸುರುಳಿಗಳು ಸಂಗೀತದ ‘ಪ್ರತಿ’ ಅಲ್ಲವೆಂದು ತೀರ್ಪಿತ್ತಿತು. ಕರ್ತೃಗಳಿಗೆ ಬಿಡಿಗಾಸೂ ದಕ್ಕದಂತಾಯಿತು. ಮರುವರ್ಷವೇ ಅಲ್ಲಿನ ಸಂಸತ್ತು ಕಾಯಿದೆ ತಂದಿತು: ಒಮ್ಮೆ ಮುದ್ರಣವಾದ ಹಾಡನ್ನು ಯಾರು ಬೇಕಾದರೂ ಮತ್ತೆ ಹಾಡಿ ಮುದ್ರಿಸಬಹುದು, ಕರ್ತೃವಿನ ಅಪ್ಪಣೆ ಬೇಕಿಲ್ಲ, ನಿಗದಿತ ಶುಲ್ಕ ಕೊಟ್ಟರಾಯಿತು. 2015ರಲ್ಲಿ ಈ ಶುಲ್ಕ ಐದು ನಿಮಿಷದೊಳಗಿನ ಹಾಡಿಗೆ ಪ್ರತಿಯೊಂದಕ್ಕೆ 9.1 ಸೆಂಟ್, ಅಂದಿನ ಲೆಕ್ಕದಲ್ಲಿ ಸುಮಾರು 6 ರೂಪಾಯಿ. ಅದು ಹೋಗುವುದು ಬರೆದವರಿಗೆ ಹಾಗೂ ಅವರ ಪ್ರಕಾಶಕರಿಗೆ. ಮೊದಲು ಹಾಡಿ ಹೆಸರು ತಂದವರಿಗೆ ಏನೂ ಇಲ್ಲ. ಆದ್ದರಿಂದ ಕರ್ತೃಗಳ ಸಾಲಿನಲ್ಲಿ ಹೆಸರಿರುವುದೆಂದರೆ ಬರಿಯ ಮರ್ಯಾದೆಯ ಮಾತಲ್ಲ, ಅನ್ನದ ಮಾತು. ‘ಕಮ್ ಅಂಡ್ ಗೆಟ್ ಇಟ್’ ಎಷ್ಟು ಸಲ ಯಾರು ಹಾಡಿದರೂ ಬ್ಯಾಡ್‌ಫಿಂಗರಿನವರಿಗೆ ಕರ್ತೃವಿನ ಪಾಲು ಬರುವುದಿಲ್ಲ.

ಈ ಊರಲ್ಲಿ, ಮುಂಬಯಿಯಲ್ಲಿ, ಕೂತವರಿಗೆ ಇದು ಅಪರಿಚಿತವಲ್ಲ. 1980ರ ದಶಕದಲ್ಲಿ ಟಿ-ಸೀರೀಸ್ ಸಂಸ್ಥೆ ಹಳೆಯ ಹಿಂದಿ ಚಿತ್ರಗೀತೆಗಳನ್ನು ಹೊಸ ಕಂಠಗಳಲ್ಲಿ ಹಾಡಿಸಿ ಅಗ್ಗದ ಧ್ವನಿಸುರುಳಿ ಮಾರಿದ್ದನ್ನು ನಾವೆಲ್ಲ ಕಂಡಿದ್ದೇವೆ, ಕೊಂಡಿದ್ದೇವೆ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅದಕ್ಕೆ ಎಡೆಯಿತ್ತು. 2012ರ ತಿದ್ದುಪಡಿ ಅದನ್ನು ಬಿಗಿ ಮಾಡಿತು. ಮೂಲ ಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆಯಬೇಕು, ಕನಿಷ್ಠ 50,000 ಪ್ರತಿಗಳ ಗೌರವಧನ ಸಲ್ಲಬೇಕು, ಹೊದಿಕೆಯ ಮೇಲೆ ಇದು ಕವರ್ ಎಂದು ಕಾಣಿಸಬೇಕು, ಹಿಂದಿನ ಗಾಯಕರ ಹೆಸರನ್ನಾಗಲಿ ಚಿತ್ರವನ್ನಾಗಲಿ ಅದರ ಮೇಲೆ ಬಳಸಕೂಡದು.

ನಮ್ಮ ರಾಜ್ಯೋತ್ಸವದ ಸಂಜೆಗಳಲ್ಲಿ ವಾದ್ಯಗೋಷ್ಠಿ ನಡೆದಾಗ ನಿರೂಪಕರು ‘ಈಗ ರಾಜಕುಮಾರ್ ಅವರ ಹಾಡು’ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಚಿ. ಉದಯಶಂಕರರ ಹೆಸರನ್ನು, ಆರ್.ಎನ್. ಜಯಗೋಪಾಲರ ಹೆಸರನ್ನು ಹೇಳಿದ್ದು ನಾನು ಕೇಳಿದ್ದು ಕಡಿಮೆ. ಬೆಂಗಳೂರಿನಿಂದ ಬರುವ ಅತಿಥಿ ಗಾಯಕರ ರೈಲಿನ ಟಿಕೆಟ್ಟಿಗೆ ನಾವು ಮೂರು ಸಭೆ ಸೇರಿಸುತ್ತೇವೆ. ಹಾಡು ಬರೆದವರ ಹೆಸರನ್ನು ಕಾರ್ಯಕ್ರಮ ಪತ್ರಿಕೆಯಲ್ಲಿ ಅಚ್ಚು ಮಾಡಿಸುವುದಕ್ಕೆ ಅರ್ಧ ಸಾಲು ಸಾಕು. ಕಾರ್ಯದರ್ಶಿಗಳು ಇದನ್ನು ಆಕ್ಷೇಪಣೆಯೆಂದಲ್ಲ, ಮುಂದಿನ ನವೆಂಬರಿಗೆ ಅರ್ಜಿಯೆಂದು ಸ್ವೀಕರಿಸಬೇಕು.

ಮತ್ತೆ ಆಲ್ಬಮ್ಮಿಗೆ ಬರುತ್ತೇನೆ. ಕೊನೆಯ ಭಾಗದಲ್ಲಿ ಎರಡು ಹಾಡುಗಳನ್ನು ಹೆಣೆದಿದ್ದಾರೆ: ಕೂಪರ್ ತಂಡದ 1972ರ ‘ಸ್ಕೂಲ್ಸ್ ಔಟ್’ ಮತ್ತು ಪಿಂಕ್ ಫ್ಲಾಯ್ಡ್ ತಂಡದ 1979ರ ‘ಅನದರ್ ಬ್ರಿಕ್ ಇನ್ ದಿ ವಾಲ್’. ಎರಡೂ ಶಾಲೆಯ ಮೇಲಿನ ಮುನಿಸಿನ ಹಾಡುಗಳು, ಎರಡರ ನಿರ್ಮಾಣದಲ್ಲೂ ಎಜ್ರಿನ್ನರ ಕೈ ಇತ್ತು. ಅತಿಥಿಗಳಲ್ಲಿ ಸ್ಲ್ಯಾಶ್ ಇದ್ದಾರೆ, ಜಾನ್ಸನ್ ಇದ್ದಾರೆ. ಅವರ ಜೊತೆಗೆ ಡೆನಿಸ್ ಡನವೇ, ನೀಲ್ ಸ್ಮಿತ್ ಎಂಬಿಬ್ಬರಿದ್ದಾರೆ. ಈ ಹೆಸರುಗಳನ್ನು ಪ್ರಚಾರದ ಸಾಲಿನಲ್ಲಿ ಹುಡುಕಿದರೆ ಕಣ್ಣಿಗೆ ಬೀಳುವುದು ಕಷ್ಟ. ಆಲಿಸ್ ಕೂಪರ್ ಎನ್ನುವುದು ಒಬ್ಬ ವ್ಯಕ್ತಿಯ ಹೆಸರಾಗುವ ಮೊದಲು ಐವರ ತಂಡದ ಹೆಸರಾಗಿತ್ತು. ತಂಡ ಒಡೆದಾಗ ಹೆಸರು ಗಾಯಕನ ಪಾಲಾಯಿತು. ಡನವೇ ಅದರ ಬೇಸ್ ಗಿಟಾರ್ ವಾದಕ, ಸ್ಮಿತ್ ಡ್ರಮ್ ವಾದಕ. ‘ಸ್ಕೂಲ್ಸ್ ಔಟ್’ ಹಾಡಿನ ಕರ್ತೃಗಳೆಂದು ಐವರ ಹೆಸರೂ ಅಚ್ಚಾಗಿದೆ. ತಾವೇ ಕಟ್ಟಿದ ಹಾಡಿಗೆ, ತಮ್ಮದೇ ತಂಡದ ಹೆಸರು ಹೊತ್ತವನ ಆಲ್ಬಮ್ಮಿನಲ್ಲಿ, ಅವರಿಬ್ಬರೂ ‘ಅತಿಥಿಗಳು’!

ಎರಡನೆಯ ಹಾಡಿನಲ್ಲಿ ಮೂಲದಲ್ಲೇ ಅತಿಥಿಗಳಿದ್ದರು. 1979ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ 23 ಮಕ್ಕಳು ಬಂದು ಅದರ ಮೇಳದ ಭಾಗ ಹಾಡಿ ಹೋದರು. ಶಾಲೆಗೆ 1,000 ಪೌಂಡ್ ಸಂದಿತು. ಹಾಡು ಜಗತ್ತನ್ನು ಸುತ್ತಿತು. ಬ್ರಿಟನ್ನಿನ ಕಾನೂನು ಬದಲಾಗಿ ಹಾಡಿದವರಿಗೂ ಪ್ರಸಾರದ ಹಣದಲ್ಲಿ ಪಾಲೆಂದಾದ ಮೇಲೆ, 2004ರಲ್ಲಿ, ಅಂದಿನ ಮಕ್ಕಳನ್ನು ಹುಡುಕಿ ಅವರ ಪರವಾಗಿ ಹಕ್ಕು ಕೇಳುವ ಪ್ರಯತ್ನ ಆರಂಭವಾಯಿತು. ಆ ವೇಳೆಗೆ ಅವರು ನಡುವಯಸ್ಸಿಗೆ ಕಾಲಿಡುತ್ತಿದ್ದರು.

ನನ್ನ ಮಾತಿಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ. ತಂಡದ ಮುಂದಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 2019ರಲ್ಲಿ ಎರಡನೆಯ ಆಲ್ಬಮ್ ಬಂದಾಗ ಹೆಚ್ಚಿನವು ಸ್ವಂತ ಹಾಡುಗಳು, ಕವರುಗಳು ಮೂರೇ. ಬೋವಿಯ ‘ಹೀರೋಸ್’ ಹಾಡನ್ನು ಡೆಪ್ ಹಾಡಿದರು. ಅತಿಥಿಗಳಲ್ಲಿ ಜೆಫ್ ಬೆಕ್ ಇದ್ದರು, ಅವರೂ 2023ರ ಜನವರಿಯಲ್ಲಿ ಹೋದರು. ಮೊದಲ ಆಲ್ಬಮ್ಮಿನ ಪಟ್ಟಿಗೆ ಹಚ್ಚಿದ್ದ ಜಗಳ ಎರಡನೆಯದಕ್ಕೆ ಹತ್ತಲಿಲ್ಲ. ನನ್ನ ಸೋದರಳಿಯ ಅದನ್ನು ಒಮ್ಮೆ ಕೇಳಿ ಬದಿಗಿಟ್ಟ. ಮೊದಲನೆಯದನ್ನು, ಆತ ಅಷ್ಟು ಬೈದದ್ದನ್ನು, ಈಗಲೂ ಕೇಳುತ್ತಾನೆ. ‘ಕಮ್ ಅಂಡ್ ಗೆಟ್ ಇಟ್’ ಬಂದಾಗ ದನಿ ಏರಿಸುತ್ತಾನೆ. ಯಾರ ಹಾಡು ಎಂದು ಅವನ ಮಗಳು ಕೇಳಿದರೆ ಉತ್ತರ ಹೇಳಲು ಅವನಿಗೆ ಹತ್ತು ನಿಮಿಷ ಬೇಕಾಗುತ್ತದೆ.